ಬಾಣಂತಿ ಬಚ್ಚಲಿನ ಫ್ಯಾನು

ಮದ್ದೂರಿನ ಹಳೇ ಬೀದಿಗಳಲ್ಲಿ ಹುಟ್ಟಿದವರಲ್ಲಿ ಬಹಳ ಜನಕ್ಕೆ ಮೊದಲ ಸಲ ಮೈಗೆ ಬಿಸಿನೀರು ಹುಯ್ದವಳು ಮಲ್ಲಿಗಮ್ಮ. ಬಾಣಂತಿಯ ಬೆನ್ನು ಸೊಂಟಕ್ಕೆ ಹರಳೆಣ್ಣೆ ತಿಕ್ಕಿ, ತಡೆಯುವಷ್ಟು ಸುಡುನೀರು ಹಾಕಿ, ಆಮೇಲೆ ಕೂಸನ್ನು ನೀಡಿದ ಕಾಲುಗಳ ಮೇಲೆ ಮಲಗಿಸಿಕೊಂಡು ಮೈ ನೀವಿ, ತಲೆ ದುಂಡಗೆ ಮಾಡಿ, ಮೂಗು ತಿದ್ದಿ, ಹಳೇ ಸೀರೆಯ ತುಂಡಿನಲ್ಲಿ ಸುತ್ತಿ ಕೊಡುತ್ತಿದ್ದಳು. ಸಾಬರ ಬೀದಿಯಲ್ಲೂ ಆಕೆಯೇ, ಗೌಡರ ಕೇರಿಯಲ್ಲೂ ಆಕೆಯೇ. ಅವಳು ನೀರು ಹಾಕಿದ ಮಗು ಒಂದೇ ನಿದ್ದೆಗೆ ಮಧ್ಯಾಹ್ನದವರೆಗೆ ಮಲಗುತ್ತದೆ ಎಂದು ಹೆಂಗಸರು ಹೇಳುತ್ತಿದ್ದರು.

ಅವಳು ಹುಟ್ಟಿದ್ದು ಬೆಸಗರಹಳ್ಳಿಯಲ್ಲಿ. ಲಂಗ ಉಡುವ ವಯಸ್ಸಿನಲ್ಲಿ ಅಕ್ಕನ ಬಾಣಂತನ ನೋಡಿದ್ದಳು. ಅಕ್ಕ ಒಂದು ದಿನ ನೀರು ಹುಯ್ದುಕೊಂಡು ಒದ್ದೆ ತಲೆಯಲ್ಲೇ ಹಿತ್ತಿಲ ಬಾಗಿಲಲ್ಲಿ ಸ್ವಲ್ಪ ಹೊತ್ತು ಕೂತಳು. ಆಷಾಢದ ಗಾಳಿ ಬೀಸುತ್ತಿತ್ತು. ಆ ಸಂಜೆಗೆ ಜ್ವರ ಬಂತು, ಮೈ ನಡುಗಿತು, ಯಾರ್ಯಾರನ್ನೋ ಕರೆದು ಏನೇನೋ ಮಾತಾಡಿದಳು. ಅಮಾವಾಸ್ಯೆ ಬರುವಷ್ಟರಲ್ಲಿ ಅಕ್ಕ ಇರಲಿಲ್ಲ. ಗಾಳಿ ಸೋಕಿ ಸನ್ನಿಯಾಯಿತು ಎಂದರು ದೊಡ್ಡವರು. ಹೆರಿಗೆಯ ಹೊತ್ತಿನಲ್ಲಿ ಒಳಗೆ ನಂಜಾಗಿದ್ದಿರಬಹುದು, ಮುಟ್ಟಿದ ಕೈ ಶುದ್ಧವಿಲ್ಲದೆ ಇದ್ದಿರಬಹುದು ಎಂದು ಹೇಳುವವರು ಆಗ ಯಾರೂ ಇರಲಿಲ್ಲ. ತಾಯಿಯಿಲ್ಲದ ಕೂಸು ಕೂಡ ಆ ಮಳೆಗಾಲವನ್ನು ದಾಟಲಿಲ್ಲ. ಬಾಗಿಲ ಹತ್ತಿರ ಕೂತಿದ್ದ ಅಕ್ಕನನ್ನು ಒಳಕ್ಕೆ ಕರೆಯಬಹುದಾಗಿದ್ದವಳು ತಾನೊಬ್ಬಳೇ ಎಂಬುದು ಮಲ್ಲಿಗಮ್ಮನ ಮನಸ್ಸಿನಲ್ಲಿ ಹಾಗೇ ಕೂತುಬಿಟ್ಟಿತು.

ಮದುವೆಯಾಗಿ ಮದ್ದೂರಿಗೆ ಬಂದ ಮೇಲೆ ಅತ್ತೆ ಚಿಕ್ಕಬೋರಮ್ಮನಿಂದ ನೀರು ಹಾಕುವುದನ್ನು ಕಲಿತಳು. ಯಾವ ಮನೆಗೆ ಹೋದರೂ ಮೊದಲು ಬಚ್ಚಲಿನ ನಾಲ್ಕು ಮೂಲೆ ನೋಡುತ್ತಿದ್ದಳು. ಕಿಟಕಿಗೆ ಗೋಣಿ, ಬಾಗಿಲ ಸಂದಿಗೆ ಹಳೇ ಬಟ್ಟೆ, ಹೆಂಚಿನ ಸಂದಿಯಲ್ಲಿ ಬೆಳಕು ಕಂಡರೆ ಅಲ್ಲಿಗೊಂದು ಪೇಪರು. ಅದೆಲ್ಲ ಆದ ಮೇಲೆಯೇ ಬಾಣಂತಿಯನ್ನು ಒಳಕ್ಕೆ ಕರೆಯುತ್ತಿದ್ದಳು. ಮೊದಲ ಚೊಂಬು ಹುಯ್ಯುವ ಮುಂಚೆ ವೈದ್ಯನಾಥಪುರದ ಸ್ವಾಮಿಯನ್ನು ಮನಸ್ಸಿನಲ್ಲೇ ನೆನೆಯುತ್ತಿದ್ದಳು. ಅಷ್ಟು ವರ್ಷದಲ್ಲಿ ಅವಳ ಕೈಯಲ್ಲಿ ಒಬ್ಬ ಬಾಣಂತಿಗೂ ಸನ್ನಿಯಾಗಲಿಲ್ಲ. ಗಾಳಿ ಕಟ್ಟಿದ್ದರಿಂದಲೇ ಎಂದು ಅವಳು ನಂಬಿದ್ದಳು.

ಗಂಡ ತೀರಿಕೊಂಡ ಮೇಲೆ ಮಗ ಪುನೀತ್ ಎಳನೀರು ಮಾರುಕಟ್ಟೆಯಲ್ಲಿ ಕೆಲಸಕ್ಕೆ ಸೇರಿ, ಹೆಂಚಿನ ಮನೆ ಕೆಡವಿಸಿ ತಾರಸಿ ಮನೆ ಕಟ್ಟಿಸಿದ. ಸೈಟು ಚಿಕ್ಕದು. ಮುಂದೆ ಬೀದಿಗೆ ತೆರೆದ ಹಜಾರ, ನಡುವೆ ಒಂದು ಕೋಣೆ, ಹಿಂದೆ ಅಡುಗೆಮನೆ. ಮೆಟ್ಟಿಲ ಕೆಳಗೆ ಸಿಕ್ಕ ಜಾಗದಲ್ಲಿ ಬಚ್ಚಲು. ಆ ಬಚ್ಚಲಿಗೆ ಕಿಟಕಿ ಇಡಲಿಲ್ಲ. ಅದರ ಒಂದು ಗೋಡೆ ನಡುಕೋಣೆಗೆ, ಇನ್ನೊಂದು ಗೋಡೆ ಪಕ್ಕದ ಮನೆಗೂ ಇವರಿಗೂ ನಡುವಿನ ಇಕ್ಕಟ್ಟು ಸಂದಿಗೆ. ತಾಯಿ ಮಗ ಇಬ್ಬರೇ ಇದ್ದಾಗ ಅದರಿಂದ ತೊಂದರೆಯೇನೂ ಆಗಿರಲಿಲ್ಲ.

ಮಗಳು ವೀಣಳನ್ನು ಮಳವಳ್ಳಿಗೆ ಕೊಟ್ಟಿದ್ದರು. ಅಳಿಯ ಶಶಿಧರ್ ಹತ್ತಿರದ ಊರಾದ ಬ್ಲಫ್‌ನ ಪವರ್ ಹೌಸಿನಲ್ಲಿ ಕೆಲಸದಲ್ಲಿದ್ದ. ಮದುವೆಯಾಗಿ ಬಹಳ ವರ್ಷ ಕಾದ ಮೇಲೆ ವೀಣ ಬಸುರಿಯಾದಳು. ಮಾರ್ಗಶಿರದ ಚಳಿಯಲ್ಲಿ, ತಿಂಗಳು ತುಂಬುವ ಮುಂಚೆಯೇ ಹೆಣ್ಣುಮಗು ಹುಟ್ಟಿತು. ಅಂಗೈಗೆ ಹಗುರವಾದ ಕೂಸನ್ನು ಎತ್ತಿಕೊಂಡು ಅವಳು ಬಾಣಂತನಕ್ಕೆ ತವರಿಗೆ ಬಂದಳು. ಅಷ್ಟು ಜನರ ಮಕ್ಕಳಿಗೆ ನೀರು ಹಾಕಿದವಳಿಗೆ ಕೊನೆಗೂ ತನ್ನ ಮಗಳ ಮಗುವನ್ನು ಕಾಲ ಮೇಲೆ ಮಲಗಿಸಿಕೊಳ್ಳುವ ದಿನ ಬಂತು.

ಹಿತ್ತಿಲ ಒಲೆಯ ಮೇಲಿನ ಹಂಡೆಯಿಂದ ಬೆಳಿಗ್ಗೆಯೂ ಸಂಜೆಯೂ ಸುಡುನೀರು ಬಚ್ಚಲಿಗೆ ಬರುತ್ತಿತ್ತು. ಬಾಗಿಲು ಹಾಕಿದರೆ ಹಬೆಯಲ್ಲಿ ಎದುರಿನವರ ಮುಖ ಕಾಣುತ್ತಿರಲಿಲ್ಲ. ಸೂರಿನಿಂದ ಹನಿ ತೊಟ್ಟಿಕ್ಕುತ್ತಿತ್ತು, ಗೋಡೆ ಬೆವರುತ್ತಿತ್ತು. ಆ ತೇವ ಒಣಗುವ ಮುಂಚೆ ಮುಂದಿನ ನೀರು. ಕೆಲವೇ ದಿನಗಳಲ್ಲಿ ಬಚ್ಚಲಿನ ಸೂರಿನಲ್ಲಿ ಮೆಣಸು ಚೆಲ್ಲಿದ ಹಾಗೆ ಕಪ್ಪು ಬೂಷ್ಟು ಕಾಣಿಸಿಕೊಂಡಿತು. ಆಮೇಲೆ ಅದು ಗೋಡೆಯ ಈಚೆಗೂ, ನಡುಕೋಣೆಯಲ್ಲಿ ತೊಟ್ಟಿಲು ತೂಗುಹಾಕಿದ್ದ ಕಡೆಗೂ ಹರಡಿತು. ಒದ್ದೆ ಗೋಣಿಯಂಥ ವಾಸನೆ ಸಾಂಬ್ರಾಣಿ ಹೊಗೆಗೂ ಮುಚ್ಚುತ್ತಿರಲಿಲ್ಲ.

ಕೂಸಿನ ಎದೆಯಲ್ಲಿ ಗೊರಗೊರ ಸದ್ದು ಶುರುವಾಯಿತು. ಮಂಡ್ಯದ ಮಕ್ಕಳ ಡಾಕ್ಟರಮ್ಮ ಎದೆಗೆ ಕೊಳವೆ ಇಟ್ಟು ಕೇಳಿ, ಮನೆಯಲ್ಲಿ ಗೋಡೆ ಒದ್ದೆಯಿದೆಯೇ ಎಂದು ವಿಚಾರಿಸಿದರು. ಪುನೀತ್ ಮೊಬೈಲಿನಲ್ಲಿದ್ದ ತೊಟ್ಟಿಲ ಫೋಟೋ ತೋರಿಸಿದ. ಅವರು ಹಿಂದಿನ ಗೋಡೆಯನ್ನೇ ನೋಡಿದರು.

"ದಿನಾ ಪೂರ್ತಿ ಮಗು ಈ ಬೂಷ್ಟನ್ನೇ ಉಸಿರಾಡ್ತಿದೆ. ತಿಂಗಳು ತುಂಬದ ಮಗು, ಶ್ವಾಸಕೋಶ ಇನ್ನೂ ಬಲಿತಿಲ್ಲ. ಹೊಗೆ ನಿಲ್ಲಿಸಿ. ಬಚ್ಚಲ ಹಬೆ ಮನೆಯೊಳಗೆ ನಿಲ್ಲದೆ ಆಚೆಗೆ ಹೋಗೋ ಹಾಗೆ ಮಾಡಿ. ಇನ್ನೊಂದು ಸಲ ಕಫ ಕಟ್ಟಿದರೆ ಇದು ತಡ್ಕೊಳ್ಳೋದು ಕಷ್ಟ" ಎಂದರು.

ಮಲ್ಲಿಗಮ್ಮ ಆ ದಿನವೇ ಸಾಂಬ್ರಾಣಿ ನಿಲ್ಲಿಸಿದಳು. ಹೊಗೆಯಿಲ್ಲದ ಬಾಣಂತನ ಅವಳು ಮಾಡಿದ್ದೇ ಇಲ್ಲ. ಆದರೂ ಡಾಕ್ಟರು ಹೇಳಿದರೆಂದು ಬಿಟ್ಟಳು.

ಪುನೀತ್ ಸಾಬರ ಬೀದಿಯ ಮಕ್ಸೂದನನ್ನು ಕರೆದುಕೊಂಡು ಬಂದ. ಮಕ್ಸೂದ್ ಕರೆಂಟು ಕೆಲಸದವನು. ಅವನಿಗೂ ಎಳೆತನದಲ್ಲಿ ನೀರು ಹಾಕಿದವಳು ಮಲ್ಲಿಗಮ್ಮನೇ. ಸಂದಿಯ ಕಡೆಯ ಗೋಡೆಗೆ ಅವನು ಮಿಷನ್ನು ಇಟ್ಟು ಕೊರೆಯತೊಡಗಿದಾಗ ಅವಳು ಸೊಂಟದ ಮೇಲೆ ಕೈಯಿಟ್ಟುಕೊಂಡು ಬಂದು ನಿಂತಳು.

"ಇದೇನ್ಲಾ, ಒಸಾ ಗೋಡೆಗೆ ತೂತು ಒಡೀತಿದ್ದೀಯ? ಇಲಿ ಬರಕ್ಕಾ?"

"ಅಬೆ ಓಗಕ್ಕೆ ಕಣಮ್ಮ. ಆ ಕಡೆ ಓಗಿ ಕೂತ್ಕಳಿ, ಕಣ್ಗೆ ದೂಳು ಬೀಳ್ತದೆ."

"ನಿನ್ನ ಮೂಗ ನೆಟ್ಟಗೆ ಮಾಡಿದೋಳು ನಾನು. ನಂಗೇ ಆ ಕಡೆ ಓಗು ಅಂತೀಯ?"

"ಅದ ಯಾರ್ಗೂ ಯೇಳ್ಬೇಡಿ. ಈ ಮೂಗ ನೋಡಿದ್ರೆ ನಿಮ್ಮ ಯಾರೂ ಕೆಲಸಕ್ಕೆ ಕರಿಯಕಿಲ್ಲ."

ನಡುಕೋಣೆಯಲ್ಲಿ ಮಲಗಿದ್ದ ವೀಣ ನಕ್ಕಿದ್ದು ಕೇಳಿಸಿತು. ಹೆರಿಗೆಯಾದ ಮೇಲೆ ಅವಳು ನಕ್ಕಿದ್ದು ಅದೇ ಮೊದಲು.

ತೂತಿಗೆ ಪೈಪು ಕೂರಿಸಿ, ಒಳಗಡೆ ಬಿಳಿಯ ಚೌಕದ ಫ್ಯಾನು ಸಿಕ್ಕಿಸಿದ. ಮಲ್ಲಿಗಮ್ಮ ಗೋಡೆಯೆಲ್ಲ ಹುಡುಕಿದಳು.

"ಸ್ವಿಚ್ಚೆಲ್ಲಿ?"

"ದಿನಾ ಒತ್ತೋ ಸ್ವಿಚ್ಚು ಇದಕ್ಕಿಲ್ಲ. ಒಳಗೆ ತೇವ ಏರ್ತು ಅಂದ್ರೆ ಅದಕ್ಕೇ ಗೊತ್ತಾಯ್ತದೆ. ತಾನೇ ತಿರುಗ್ತದೆ. ಒಣಗಿದ ಮೇಲೆ ತಾನೇ ನಿಂತ್ಕತದೆ."

"ಬಾಣಂತಿ ಒದ್ದೆ ಮೈಲಿ ಕೂತವ್ಳೆ ಅಂತಾನೂ ಗೊತ್ತಾಯ್ತದಾ ಅದಕ್ಕೆ?"

ಮಕ್ಸೂದ್ ಬಚ್ಚಲ ಬಾಗಿಲ ಕೆಳಗಡೆ ಎರಡು ಬೆರಳಷ್ಟು ಕತ್ತರಿಸಿ ಎದ್ದು ನಿಂತ. "ನೋಡಮ್ಮ, ಇಲ್ಲಿಂದ ಒಣಗಾಳಿ ಒಳಕ್ಕೆ ಬರ್ಬೇಕು, ಅಲ್ಲಿಂದ ಅಬೆ ಆಚೆಗೆ ಓಗ್ಬೇಕು. ಎರಡ್ರಲ್ಲಿ ಯಾವುದ ಮುಚ್ಚಿದ್ರೂ ಫ್ಯಾನು ಬರೀ ಸದ್ದು ಮಾಡ್ತದೆ ಅಷ್ಟೆ." ಮೀಟರಿನ ಹತ್ತಿರ ಅದರ ಒಂದು ಸ್ವಿಚ್ಚಿತ್ತು. ಯಾರೂ ಆರಿಸಬಾರದೆಂದು ಪುನೀತ್ ಅದರ ಮೇಲೆ ಟೇಪು ಸುತ್ತಿದ.

ಫ್ಯಾನು ಹೇಳಿದ ಹಾಗೇ ಕೆಲಸ ಮಾಡಿತು. ನೀರು ಹಾಕಲು ಶುರು ಮಾಡಿದರೆ ಗುಂಯ್ ಎಂದು ತಿರುಗುತ್ತಿತ್ತು. ಬಟ್ಟೆ ಹಿಂಡಿ ಹಾಕುವ ಹೊತ್ತಿಗೆ ಗೋಡೆ ಒಣಗಿ, ತಾನೇ ನಿಲ್ಲುತ್ತಿತ್ತು. ಪುನೀತ್ ಬ್ಲೀಚಿಂಗ್ ಪುಡಿ ಕಲಸಿ ಎರಡೂ ಕಡೆಯ ಬೂಷ್ಟು ತಿಕ್ಕಿ ತೆಗೆದ. ಕೂಸಿನ ಉಸಿರು ಹಗುರವಾಯಿತು.

ಆದರೆ ಧನುರ್ಮಾಸದ ಚಳಿ ಏರಿತು. ತಲೆ ತುಂಬ ನೀರು ಹುಯ್ಯಿಸಿಕೊಂಡು ವೀಣ ಕೂತಿರುವಾಗಲೇ ಬಾಗಿಲ ಕೆಳಗಿನಿಂದ ತಣ್ಣನೆಯ ಗಾಳಿ ನುಗ್ಗಿ ಬಂದು, ಅವಳ ಕಾಲನ್ನು ಸವರಿಕೊಂಡು ಮೇಲಕ್ಕೆ ಏಳುತ್ತಿತ್ತು. ಮಲ್ಲಿಗಮ್ಮ ಬಾಗಿಲಿಗೆ ಗೋಣಿ ಒತ್ತಿಟ್ಟರೆ ಪುನೀತ್ ನೋಡಿ ತೆಗೆದು ಬಯ್ಯುತ್ತಿದ್ದ.

ಒಂದು ಬೆಳಿಗ್ಗೆ ವೀಣಳ ಹಲ್ಲು ಕಟಕಟ ಎಂದವು. "ಅವ್ವ, ಬೆನ್ನಿಗೆಲ್ಲ ತಣ್ಣಗೆ ಬಡೀತದೆ ಕಣವ್ವ" ಎಂದಳು. ಮಲ್ಲಿಗಮ್ಮನಿಗೆ ಮಗಳ ಮುಖ ಕಾಣಲಿಲ್ಲ. ಹಿತ್ತಿಲ ಬಾಗಿಲಲ್ಲಿ ಒದ್ದೆ ತಲೆಯ ಅಕ್ಕ ಕಂಡಳು.

ಪುನೀತ್ ಕೆಲಸಕ್ಕೆ ಹೋದ ಮೇಲೆ ಅವಳು ತನ್ನ ಹಳೇ ಹಸಿರು ಸೀರೆಯ ಅರ್ಧ ಹರಿದಳು. ಬಿದಿರು ಕೋಲು ತೆಗೆದುಕೊಂಡು ಅಡ್ಡಡ್ಡವಾಗಿ ಸಂದಿಯೊಳಗೆ ಸರಿದಳು. ಪೈಪಿನ ಬಾಯಿಗೆ ಹಲ್ಲಿ ಬಾರದಂತೆ ಹಾಕಿದ್ದ ಬಲೆಯನ್ನು ಬಿಚ್ಚಿ, ಬಟ್ಟೆಯನ್ನು ಕೋಲಿನಿಂದ ಒಳಕ್ಕೆ ಬಿಗಿಯಾಗಿ ತುರುಕಿ, ಬಲೆಯನ್ನು ಮತ್ತೆ ಸಿಕ್ಕಿಸಿದಳು. ಗೋಡೆಯ ಈಚೆ ಮಲಗಿದ್ದ ವೀಣಳಿಗೆ ಕೋಲು ಗೀರುವ ಸದ್ದು ಕೇಳಿಸಿತು. ತಲೆಯಲ್ಲಿ ಜೇಡರ ಬಲೆ ಮೆತ್ತಿಕೊಂಡು ಒಳಗೆ ಬಂದ ತಾಯಿಯನ್ನು ನೋಡಿದಳು.

"ಎಲ್ಲೋಗಿದ್ದೆ ಅವ್ವ?"

"ಸಂದೀಲಿ ಬೆಕ್ಕು ಕೂಗ್ತಿತ್ತು."

ಸಂಜೆ ನೀರು ಹಾಕುವಾಗ ವೀಣಳ ಕಾಲಿಗೆ ಗಾಳಿ ಬಡಿಯಲಿಲ್ಲ. ಅವಳು ಹಬೆಯಲ್ಲಿ ಕಣ್ಣು ಮುಚ್ಚಿ ಬೆಚ್ಚಗೆ ಕೂತಳು. ಅವಳಿಗೆ ಗೊತ್ತಾಗಿತ್ತು. ಅವಳೂ ಸುಮ್ಮನಿದ್ದಳು.

ಫ್ಯಾನು ಮಾತ್ರ ತಿರುಗುತ್ತಲೇ ಇತ್ತು. ತೇವ ಇಳಿಯದ್ದರಿಂದ ಅದು ನಿಲ್ಲುತ್ತಲೂ ಇರಲಿಲ್ಲ. ಬೆಳಿಗ್ಗೆ ಶುರುವಾದ ಗುಂಯ್ ಸದ್ದು ಸಂಜೆಗೂ ಇರುತ್ತಿತ್ತು. ಮೊದಲು ಬಟ್ಟೆ ಹಿಂಡುವ ಹೊತ್ತಿಗೆ ನಿಲ್ಲುತ್ತಿದ್ದದ್ದು ಈಗ ಯಾಕೆ ನಿಲ್ಲುವುದಿಲ್ಲ ಎಂದು ಮನೆಯಲ್ಲಿ ಯಾರೂ ಯೋಚಿಸಲಿಲ್ಲ. "ನೋಡವ್ವ, ಎತ್ತು ದುಡ್ದಂಗೆ ದುಡೀತದೆ. ಸುಮ್ಸುಮ್ಕೆ ಬಯ್ತಿದ್ದೆ" ಎಂದು ಪುನೀತ್ ಹೆಮ್ಮೆಪಟ್ಟ. ತಿರುಗುತ್ತಿದೆಯಲ್ಲ, ಬಟ್ಟೆಯ ಎಳೆಗಳ ನಡುವೆ ಹಬೆಯಾದರೂ ಹೋಗುತ್ತಿರಬೇಕು, ಜೋರು ಗಾಳಿ ಮಾತ್ರ ನಿಂತಿದೆ ಎಂದು ಮಲ್ಲಿಗಮ್ಮ ತನಗೆ ತಾನೇ ಹೇಳಿಕೊಂಡಳು.

ಗೋಡೆ ಮತ್ತೆ ಬೆವರಿತು. ಪುನೀತ್ ಬರುವ ಮುಂಚೆ ಅವಳು ಅದನ್ನು ಒಣಬಟ್ಟೆಯಲ್ಲಿ ಒರೆಸಿಡುತ್ತಿದ್ದಳು. ತೊಟ್ಟಿಲ ಹಿಂದೆ ಬೂಷ್ಟು ಚಿಗುರಿದಾಗ ಚಳಿಗೆ ಮರೆ ಎಂದು ಹೇಳಿ ಅಲ್ಲಿಗೊಂದು ಸೀರೆ ಇಳಿಬಿಟ್ಟಳು. ಬಾಣಂತಿಗೆ ಗಾಳಿ ಬಡಿದರೆ ಒಂದೇ ದಿನಕ್ಕೆ ಹೋಗುತ್ತಾಳೆ, ಗೋಡೆಯ ಕಪ್ಪು ಯಾರನ್ನೂ ಒಂದು ದಿನಕ್ಕೆ ಕೊಲ್ಲುವುದಿಲ್ಲ ಎಂಬುದು ಅವಳ ಲೆಕ್ಕ. ಸಂಕ್ರಾಂತಿ ಕಳೆಯಲಿ, ಬಿಸಿಲು ಬಲಿತರೆ ಬಟ್ಟೆ ತೆಗೆದುಬಿಡುತ್ತೇನೆ ಎಂದುಕೊಂಡಿದ್ದಳು.

ಸಂಕ್ರಾಂತಿಗೆ ಮುಂಚೆಯೇ ಒಂದು ಬೆಳಿಗ್ಗೆ, ನೀರು ಹಾಕಲೆಂದು ಕೂಸಿನ ಬಟ್ಟೆ ಬಿಚ್ಚಿದಾಗ ಪಕ್ಕೆಲುಬುಗಳ ನಡುವಿನ ಚರ್ಮ ಗುಳಿ ಬಿದ್ದು ಏಳುತ್ತಿತ್ತು. ತುಟಿ ನೇರಳೆ ಬಣ್ಣಕ್ಕೆ ತಿರುಗಿತ್ತು. ಅಳಲಿಕ್ಕೂ ಅದಕ್ಕೆ ಉಸಿರು ಸಾಲುತ್ತಿರಲಿಲ್ಲ. ಪುನೀತ್ ಆಟೋ ತಂದ. ಮಂಡ್ಯದ ದಾರಿಯುದ್ದಕ್ಕೂ ಮಲ್ಲಿಗಮ್ಮ ಕೂಸಿನ ಎದೆಯ ಮೇಲೆ ಅಂಗೈ ಇಟ್ಟುಕೊಂಡು ಸ್ವಾಮಿಯ ಹೆಸರು ಹೇಳುತ್ತಿದ್ದಳು. ಆಸ್ಪತ್ರೆಯವರು ಅದರ ಮೂಗಿಗೆ ಆಕ್ಸಿಜನ್ ಕೊಳವೆ ಸಿಕ್ಕಿಸಿ ಗಾಜಿನ ಪೆಟ್ಟಿಗೆಯಲ್ಲಿ ಮಲಗಿಸಿದರು. ನ್ಯುಮೋನಿಯಾ ಎಂದರು. ವೀಣ ಅಲ್ಲೇ ಉಳಿದಳು. ಮನೆ ನೋಡಿಕೊಳ್ಳಲು ಮಲ್ಲಿಗಮ್ಮನನ್ನು ವಾಪಸ್ಸು ಕಳಿಸಿದರು.

ಮನೆಯ ಬಾಗಿಲು ತೆರೆದರೆ ಸುಟ್ಟ ವಾಸನೆ. ಬಿಡುವಿಲ್ಲದೆ ತಿರುಗಿದ ಫ್ಯಾನು ಕಾಯಿಲ್ ಸುಟ್ಟು ನಿಂತಿತ್ತು. ಅವಳಿಂದ ವಿಷಯ ತಿಳಿದು ಪುನೀತ್ ಆಸ್ಪತ್ರೆಯಿಂದಲೇ ಫೋನು ಮಾಡಿ ಮಕ್ಸೂದನನ್ನು ಕಳಿಸಿದ. ಅದೇ ಹೊತ್ತಿಗೆ ಶಶಿಧರ್ ಕೂಡ ವೀಣಳ ಬಟ್ಟೆ ತೆಗೆದುಕೊಂಡು ಹೋಗಲು ಬಂದಿದ್ದ. ಮಕ್ಸೂದ್ ಸಂದಿಯೊಳಗೆ ಹೋದ. ಸ್ವಲ್ಪ ಹೊತ್ತಿಗೆ ಕೈಯಲ್ಲೊಂದು ಮುದ್ದೆ ಹಿಡಿದು ಆಚೆ ಬಂದ. ನೀರು ಕುಡಿದು ಭಾರವಾಗಿ, ಅರ್ಧ ಕಪ್ಪಾಗಿದ್ದ ಹಸಿರು ಬಟ್ಟೆ.

"ಇದ್ಯಾರು ತುರುಕಿದ್ದು?" ಎಂದ ಶಶಿಧರ್.

ಮಲ್ಲಿಗಮ್ಮ ಆ ಬಟ್ಟೆಯನ್ನೇ ನೋಡುತ್ತ ನಿಂತಳು. ಶಶಿಧರ್ ಅಲ್ಲೇ ನಿಂತು ವೀಣಳಿಗೆ ಫೋನು ಮಾಡಿ ಸ್ಪೀಕರ್ ಹಾಕಿದ. ಹಿಂದೆ ಆಸ್ಪತ್ರೆಯ ಮಿಷನ್ನುಗಳ ಸದ್ದು ಕೇಳುತ್ತಿತ್ತು.

"ಫ್ಯಾನಿನ ಪೈಪಿಗೆ ಸೀರೆ ತುಂಡು ತುರುಕಿದ್ದಾರೆ. ನಿನಗೇನಾದರೂ ಗೊತ್ತಾ?"

ವೀಣ, "ನಾನೇ ರೀ. ಚಳಿ ತಡಿಯಕ್ಕಾಗ್ನಿಲ್ಲ" ಎಂದಳು.

ಶಶಿಧರ್ ಫೋನು ಇಟ್ಟ. ಬಟ್ಟೆಯ ಚೀಲ ತೆಗೆದುಕೊಂಡು ಯಾರ ಮುಖವನ್ನೂ ನೋಡದೆ ಹೊರಟುಹೋದ. ಮಕ್ಸೂದ್ ಅಂಗಳದಲ್ಲೇ ನಿಂತಿದ್ದ.

"ಅಮ್ಮ, ಇದ ಸಂದಿ ಕಡೆಯಿಂದ ಕೋಲಲ್ಲಿ ತುರುಕವ್ರೆ. ಅಸೀ ಬಾಣಂತಿ ಸಂದಿಗೆ ಎಂಗೋದಾಳು?"

"ನಿನ್ನ ಕೆಲಸ ಆಯ್ತಲ್ಲ ಮಗ. ಓಗು."

ಅವನು ಸುಟ್ಟ ಫ್ಯಾನನ್ನು ಚೀಲಕ್ಕೆ ಹಾಕಿಕೊಂಡು ಹೋದ. ಅವನು ಯಾರಿಗೂ ಹೇಳಲಿಲ್ಲ.

ಕೂಸು ಉಳಿಯಿತು. ಆದರೆ ಒಂದು ಕಡೆಯ ಶ್ವಾಸಕೋಶ ಸೊರಗಿದೆ, ಚಳಿ ಬಂದಾಗಲೆಲ್ಲ ಉಸಿರು ಕಟ್ಟಬಹುದು, ಬಹಳ ವರ್ಷ ಜೋಪಾನ ಮಾಡಬೇಕು ಎಂದರು ಡಾಕ್ಟರಮ್ಮ. ಗೋಡೆಯ ತೇವದಿಂದಲೇ ಹೀಗಾಯಿತೇ ಎಂದು ಶಶಿಧರ್ ಕೇಳಿದಾಗ, ಅದೊಂದರಿಂದಲೇ ಎಂದು ಹೇಳಲಾಗದು, ಅದರಿಂದ ಅಲ್ಲ ಎಂದೂ ಹೇಳಲಾಗದು ಎಂದರು.

ಅವನು ಹೆಂಡತಿ ಮಗುವನ್ನು ಆಸ್ಪತ್ರೆಯಿಂದ ನೇರವಾಗಿ ಮಳವಳ್ಳಿಗೆ ಕರೆದುಕೊಂಡು ಹೋದ. ಬಾಣಂತನ ಮುಗಿಯದೆ, ಮಡಿಲು ತುಂಬಿಸದೆ ಮಗಳು ತವರಿನಿಂದ ಹೋದಳು. ಗಂಡ ಹೆಂಡತಿ ಮಾತು, ನಾಲ್ಕು ದಿನ ಬಯ್ದು ಮರೆಯುತ್ತಾನೆ ಎಂದು ಮಲ್ಲಿಗಮ್ಮ ಸಮಾಧಾನ ಮಾಡಿಕೊಂಡಳು. ಸೋಮವಾರ ವೈದ್ಯನಾಥಪುರಕ್ಕೆ ಹೋಗಿ ಕಂಬಕ್ಕೆ ಒರಗಿ ಕೂತಳು. ಮಗುವಿನ ಉಸಿರು ಕೊಡು ಎಂದು ಕೇಳಿದಳು. ಉಳಿದದ್ದನ್ನು ಸ್ವಾಮಿಯ ಮುಂದೆಯೂ ಬಾಯಿಬಿಟ್ಟು ಹೇಳಲು ಆಗಲಿಲ್ಲ.

ಶಿವರಾತ್ರಿ ಕಳೆದ ಮೇಲೆ ಒಣಕೊಬ್ಬರಿ, ಬೆಲ್ಲ, ಬಾಣಂತಿ ಖಾರ ಕಟ್ಟಿಕೊಂಡು ಮಳವಳ್ಳಿಯ ಬಸ್ಸು ಹತ್ತಿದಳು. ವೀಣಳ ಅತ್ತೆ ಮರ್ಯಾದೆಯಿಂದಲೇ ಒಳಕ್ಕೆ ಕರೆದು ಕಾಫಿ ಕೊಟ್ಟರು. ತೊಟ್ಟಿಲು ಅತ್ತೆಯ ಕೋಣೆಯಲ್ಲಿತ್ತು. ಮಗು ಅತ್ತಾಗ ವೀಣ ಅಡುಗೆಮನೆಯಿಂದ ಬಂದು ಬಾಗಿಲಲ್ಲಿ ನಿಂತಳು. ಅತ್ತೆ ಮಗುವನ್ನು ಅವಳ ತೊಡೆಗೆ ಕೊಟ್ಟು, ಹಾಲು ಕುಡಿಸುವವರೆಗೂ ಎದುರಿಗೇ ಕೂತಿದ್ದು, ಕುಡಿಸಿದ ಕೂಡಲೇ ವಾಪಸ್ಸು ತೆಗೆದುಕೊಂಡರು. ವೀಣ ಸೆರಗು ಸರಿಮಾಡಿಕೊಂಡು ಒಳಗೆ ಹೋದಳು. ಅವಳ ಬಳೆಗಳು ಮೊಣಕೈವರೆಗೆ ಜಾರುವಷ್ಟು ಕೈ ಸಣ್ಣಗಾಗಿತ್ತು.

"ಮಗೀನ ಅವ್ಳ ಹತ್ರ ಮಲಗ್ಸಾಕಿಲ್ವಾ?" ಎಂದು ಮಲ್ಲಿಗಮ್ಮ ಕೇಳಿದಳು.

"ಎಂಗ್ ಮಲಗ್ಸಾನ, ನೀವೇ ಯೇಳಿ. ತನ್ನ ಚಳಿ ನೋಡ್ಕಂಡ್ಳು, ಮಗೀನ ಉಸುರು ನೋಡ್ನಿಲ್ಲ. ಬೂಷ್ಟು ಬಂದ ಗೋಡೆಗೆ ಸೀರೆ ಬೇರೆ ಮುಚ್ಚವ್ಳೆ. ಎತ್ತೋಳು ಅಂತ ಆಲು ಕುಡ್ಸಕ್ಕೆ ಕೊಡ್ತೀನಿ ಕಣಮ್ಮ. ಅದಕ್ಕಿಂತ ಎಚ್ಚಿಗೆ ನಂಬಕ್ಕೆ ನನ್ನ ಕೈಲಿ ಆಗಕಿಲ್ಲ."

ಮಾತಿನಲ್ಲಿ ಕೋಪವಿರಲಿಲ್ಲ. ಇದ್ದಿದ್ದರೆ ಮಲ್ಲಿಗಮ್ಮನಿಗೆ ಸುಲಭವಾಗುತ್ತಿತ್ತು.

ಶಶಿಧರ್ ಕೆಲಸ ಮುಗಿಸಿ ಬಂದು ಕಾಲು ತೊಳೆಯುವವರೆಗೆ ಅವಳು ಕಾದಳು. ಅವನು ಒಳಗೆ ಬಂದು ಕುರ್ಚಿಯ ಮೇಲೆ ಕೂತ.

"ಆ ಬಟ್ಟೆ ತುರುಕಿದ್ದು ನಾನು ಕಣಪ್ಪ. ಅವಳಲ್ಲ" ಎಂದಳು.

ಅಡುಗೆಮನೆಯಿಂದ ವೀಣ ಬಂದಳು. "ಅವ್ವ, ಸುಮ್ಕಿರು."

"ನೀನು ಸುಮ್ಕಿರು. ಸಂದಿಗೆ ಓಗಿ ಕೋಲಲ್ಲಿ ನಾನೇ ತುರುಕಿದೆ. ಗೋಡೆ ಒರೆಸ್ತಿದ್ದೋಳೂ ನಾನೇ, ಸೀರೆ ಇಳಿಬಿಟ್ಟೋಳೂ ನಾನೇ. ಬೇಕಾದ್ರೆ ಮಕ್ಸೂದನ್ನ ಕೇಳು, ಅವನ್ಗೆ ಗೊತ್ತು."

ಶಶಿಧರ್ ಕುರ್ಚಿಯಿಂದ ಎದ್ದು ನಿಂತ.

"ಅವತ್ತು ನಾನು ಫೋನ್ ಮಾಡಿದಾಗ ನೀವು ಅಲ್ಲೇ ಇದ್ರಿ ಅತ್ತೆ."

"ಇದ್ದೆ."

"ಅವಳು ಹೇಳಿದ್ದು ನಿಮಗೂ ಕೇಳಿಸ್ತು."

"ಕೇಳುಸ್ತು."

"ಆವಾಗ ಯಾಕೆ ಹೇಳಲಿಲ್ಲ?"

"ಈ ಕೈ ನಂಬ್ಕಂಡು ಊರೆಲ್ಲ ಮಕ್ಳ ಕೊಟ್ಟವ್ರೆ. ಭಯ ಆಯ್ತು ಕಣಪ್ಪ. ಅಷ್ಟೆಯ."

ಶಶಿಧರನ ತಾಯಿ ಎದ್ದು ಕೋಣೆಗೆ ಹೋದರು. ಮಲಗಿದ್ದ ಮಗುವನ್ನು ಎತ್ತಿಕೊಂಡು ಬಂದು ವೀಣಳ ತೋಳಿಗೆ ಕೊಟ್ಟರು. ಈ ಸಲ ಎದುರಿಗೆ ಕೂರಲಿಲ್ಲ. ಲೋಟಗಳನ್ನು ತೆಗೆದುಕೊಂಡು ಒಳಗೆ ಹೋದರು.

ಬಸ್ಸಿಗೆ ಹೊತ್ತಾಯಿತೆಂದು ಮಲ್ಲಿಗಮ್ಮ ಎದ್ದಳು. ಮಗುವನ್ನು ಒಂದು ಸಲ ಕೊಡಿ ಎಂದು ಅವಳು ಕೇಳಲಿಲ್ಲ. ಯಾರೂ ಕೊಡಲೂ ಇಲ್ಲ. ಶಶಿಧರ್ ಬಾಗಿಲವರೆಗೆ ಬಂದು, "ನೀವು ಬಂದು ಹೋಗಿ ಅತ್ತೆ, ಬೇಡ ಅನ್ನಲ್ಲ. ಆದರೆ ಇದಕ್ಕೆ ನೀರು ಹಾಕೋದು, ನೋಡ್ಕೊಳ್ಳೋದು ಅಂತ ಬರಬೇಡಿ" ಎಂದ.

ಮಗುವನ್ನು ಹೆಗಲಿಗೆ ಹಾಕಿಕೊಂಡು ವೀಣ ರಸ್ತೆಯವರೆಗೆ ಬಂದಳು.

"ನಂಗೂ ಗೊತ್ತಿತ್ತಲ್ಲವ್ವ" ಎಂದಳು ಮೆಲ್ಲಗೆ. "ಬೆಚ್ಚಗಾಯ್ತು ಅಂತ ಸುಮ್ಕಿದ್ದೆ."

"ಅದ ಇನ್ಯಾರ ಮುಂದೂ ಅನ್ಬೇಡ. ಈಗ ಸಿಕ್ಕದೆ ನಿಂಗೆ ಮಗು. ಇಟ್ಕ."

ಆಮೇಲೆ ಮಲ್ಲಿಗಮ್ಮ ಯಾರ ಮನೆಗೂ ನೀರು ಹಾಕಲು ಹೋಗಲಿಲ್ಲ. ಕರೆಯಲು ಬಂದವರಿಗೆ ಆಗಿದ್ದನ್ನು ಇದ್ದ ಹಾಗೆ ಹೇಳುತ್ತಿದ್ದಳು. ವೀಣಳ ಪಾಲಿನ ಒಂದು ಮಾತನ್ನು ಮಾತ್ರ ಬಿಟ್ಟು. ಕೆಲವರು ಕೇಳಿ ಎದ್ದುಹೋದರು. ಕೆಲವರು ಅದರಲ್ಲೇನು ತಪ್ಪು, ಬಾಣಂತಿಗೆ ಗಾಳಿ ಆಗುತ್ತದೆಯೇ ಎಂದರು. ಹಾಗೆ ಅಂದವರನ್ನು ಕಂಡರೆ ಅವಳಿಗೆ ಇನ್ನೂ ಹೆಚ್ಚು ಹೆದರಿಕೆಯಾಗುತ್ತಿತ್ತು.

ಮಗು ಈಗ ಗೋಡೆ ಹಿಡಿದು ನಡೆಯುತ್ತದೆ. ಕಾರ್ತಿಕ ಕಳೆದರೆ ಮುಖಕ್ಕೆ ಔಷಧಿಯ ಮಿಷನ್ನು ಹಿಡಿಯಬೇಕು. ಚಳಿಯ ದಿನಗಳಲ್ಲಿ ಬೆಳಿಗ್ಗೆ ಶಶಿಧರ್ ಬ್ಲಫ್‌ಗೆ ಹೊರಟ ಮೇಲೆ ವೀಣ ಫೋನು ಮಾಡುತ್ತಾಳೆ. ಮಲಗಿರುವ ಮಗುವಿನ ಎದೆಗೆ ಫೋನು ಒತ್ತಿ ಹಿಡಿಯುತ್ತಾಳೆ. ಮಲ್ಲಿಗಮ್ಮ ಮಿಕ್ಸಿ ಆರಿಸಿ, ಬೀದಿ ಬಾಗಿಲು ಮುಂದೆ ಮಾಡಿ, ಕಿವಿಗೆ ಒತ್ತಿಕೊಂಡು ಕೇಳುತ್ತಾಳೆ. ಕೇಳಿಸುವುದು ಉಸಿರೋ, ಬಟ್ಟೆ ಉಜ್ಜುವ ಸದ್ದೋ ಎಷ್ಟೋ ಸಲ ಗೊತ್ತಾಗುವುದಿಲ್ಲ.

"ಎಂಗದೆ ಅವ್ವ?" ಎಂದು ವೀಣ ಕೇಳುತ್ತಾಳೆ.

"ನಂಗೆ ಗೊತ್ತಾಗ್ನಿಲ್ಲ" ಎನ್ನುತ್ತಾಳೆ ಮಲ್ಲಿಗಮ್ಮ. "ನನ್ನ ಕೇಳ್ಬೇಡ ಮಗ. ಡಾಕ್ಟ್ರತ್ರ ಕರ್ಕಂಡೋಗು."